ಬೀದರಿನ ಪರದೇಶಿ ವಜೀರ ಮಹ್ಮೂದ್ ಗವಾನ್

ಬೀದರಿಗೆ ಹೋದವರು ಅಲ್ಲಿನ ಹಳೆಯ ಮದ್ರಸಾವನ್ನು ನೋಡದೆ ಹಿಂದಿರುಗುವುದಿಲ್ಲ. ಒಂದು ಬದಿ ಉರುಳಿದ ಕಟ್ಟಡ, ಉಳಿದುಕೊಂಡ ಒಂದೇ ಮಿನಾರ್, ಅದರ ಮೈಮೇಲೆ ಅಲ್ಲಲ್ಲಿ ಇನ್ನೂ ಹೊಳೆಯುವ ಬಣ್ಣದ ಹೆಂಚುಗಳು ಎಂಥವರ ಕಣ್ಣನ್ನೂ ಹಿಡಿದು ನಿಲ್ಲಿಸುತ್ತವೆ. ಅದನ್ನು ಕಟ್ಟಿಸಿದ ಖ್ವಾಜಾ ಮಹ್ಮೂದ್ ಗವಾನರ ಹೆಸರು ನಮ್ಮ ಮಕ್ಕಳಿಗೂ ಶಾಲೆಯ ಪಾಠದಿಂದ ಪರಿಚಿತ. ಆದರೆ ಅವರು ಹೇಗೆ ಮರಣ ಹೊಂದಿದರು, ಅವರ ರಕ್ತಕ್ಕೆ ನ್ಯಾಯ ಕೇಳಲು ಮುಂದೆ ಬಂದವರು ಯಾರು ಎಂಬ ಭಾಗವನ್ನು ಪಾಠಗಳು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಗವಾನರು ಈ ನೆಲದಲ್ಲಿ ಹುಟ್ಟಿದವರಲ್ಲ. ಇರಾನಿನ ಉತ್ತರಕ್ಕೆ, ಕಾಸ್ಪಿಯನ್ ಸಮುದ್ರದ ತೀರದಲ್ಲಿರುವ ಗೀಲಾನ್ ಪ್ರಾಂತದಲ್ಲಿ 1411ರ ಸುಮಾರಿಗೆ ಅವರು ಜನಿಸಿದರು. ಮನೆತನಕ್ಕೆ ಮಂತ್ರಿಪದವಿಯ ಹಿರಿಮೆಯಿತ್ತು. ಅಲ್ಲಿನ ಅರಮನೆಯ ಒಳಸಂಚುಗಳಿಂದ ಬೇಸತ್ತು ಊರು ಬಿಟ್ಟರು, ವ್ಯಾಪಾರ ಹಿಡಿದರು, ದೇಶ ಸುತ್ತಿದರು, ಹೋದಲ್ಲೆಲ್ಲ ವಿದ್ವಾಂಸರನ್ನು ಹುಡುಕಿಕೊಂಡು ಹೋದರು. 1453ರಲ್ಲಿ ಕೊಂಕಣದ ದಾಭೋಳ್ ಬಂದರಿನಲ್ಲಿ ಇಳಿದಾಗ ಅವರಿಗೆ ನಲವತ್ತು ದಾಟಿತ್ತು. ಬೀದರಿನಲ್ಲಿ ನೆಲೆಸಿದ್ದ ಸೂಫಿ ವರ್ಯ ಶಾಹ್ ಮುಹಿಬ್ಬುಲ್ಲಾರನ್ನು ಕಂಡು, ಅಲ್ಲಿಂದ ದಿಲ್ಲಿಗೆ ಹೋಗುವ ಉದ್ದೇಶವಿತ್ತು. ಆದರೆ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ ಶಾಹ್ ಅವರನ್ನು ಬಿಡಲಿಲ್ಲ. ವ್ಯಾಪಾರಿಯಾಗಿ ಬಂದವರು ಸರದಾರರಾದರು. ದಿಲ್ಲಿಯ ಪ್ರಯಾಣ ಅಲ್ಲಿಗೇ ನಿಂತಿತು.

ಪರದೇಶಿ ಎಂಬ ನಮ್ಮ ಕನ್ನಡ ಮಾತಿಗೆ ಬೇರೆ ದೇಶದವನು ಎಂಬ ಅರ್ಥವೂ ಇದೆ, ದಿಕ್ಕಿಲ್ಲದವನು ಎಂಬ ಅರ್ಥವೂ ಇದೆ. ಅರಬಿಯ ಗರೀಬ್ ಕೂಡ ಹೀಗೆಯೇ. ಅರಬಿಯಲ್ಲಿ ಅದು ಅಪರಿಚಿತ ಊರಿನಲ್ಲಿರುವವನು, ನಮ್ಮ ಮನೆಮಾತಿನ ಉರ್ದುವಿನಲ್ಲಿ ಬಡವ. ಬಹಮನಿ ದರ್ಬಾರಿನಲ್ಲಿ ಇರಾನ್, ಇರಾಕ್, ಮಧ್ಯ ಏಷ್ಯಾಗಳಿಂದ ಬಂದವರನ್ನು ಆಫಾಕಿಗಳು ಅಥವಾ ಗರೀಬರು ಎಂದು ಕರೆಯುತ್ತಿದ್ದರು. ಇಲ್ಲಿಯೇ ತಲೆಮಾರುಗಳಿಂದ ನೆಲೆಸಿದವರು ದಖನಿಗಳು. ಹಬಶಿ ಸರದಾರರು ಹೆಚ್ಚಾಗಿ ದಖನಿಗಳ ಜೊತೆಗಿದ್ದರು. ಒಂದೇ ಮಸೀದಿಯಲ್ಲಿ ಒಂದೇ ಸಾಲಿನಲ್ಲಿ ನಿಂತು ನಮಾಝ್ ಮಾಡಿ, ಹೊರಗೆ ಬಂದೊಡನೆ ಕತ್ತಿಯ ಹಿಡಿಗೆ ಕೈ ಹಾಕುವ ಈ ಎರಡು ಗುಂಪುಗಳ ದ್ವೇಷವೇ ಆ ಸಾಮ್ರಾಜ್ಯವನ್ನು ತಿಂದುಹಾಕಿತು. ತಪ್ಪು ಒಂದೇ ಕಡೆ ಇತ್ತೆಂದು ಹೇಳುವಂತಿಲ್ಲ.

ಹುಮಾಯೂನ್ ಶಾಹನು ಗವಾನರಿಗೆ ಮಲಿಕುತ್ತುಜ್ಜಾರ್, ಅಂದರೆ ವರ್ತಕರ ಒಡೆಯ ಎಂಬ ಬಿರುದು ನೀಡಿದ. 1461ರಲ್ಲಿ ಆತ ತೀರಿಕೊಂಡಾಗ ಸಿಂಹಾಸನವೇರಿದ್ದು ಎಂಟು ವರ್ಷದ ಬಾಲಕ. ರಾಜಮಾತೆಯೊಡನೆ ಆಡಳಿತದ ಹೊಣೆ ಹೊತ್ತವರಲ್ಲಿ ಗವಾನರೂ ಒಬ್ಬರು. ಮಾಳವದ ಸುಲ್ತಾನನು ದಂಡೆತ್ತಿ ಬಂದಾಗ ಗುಜರಾತಿನ ನೆರವು ತಂದು ರಾಜ್ಯವನ್ನು ಉಳಿಸಿದವರಲ್ಲಿ ಅವರು ಪ್ರಮುಖರು. 1463ರಲ್ಲಿ ಆ ಬಾಲಕನೂ ತೀರಿಕೊಂಡು, ಅವನ ತಮ್ಮ ಮೂರನೆಯ ಮುಹಮ್ಮದ್ ಶಾಹ್ ಪಟ್ಟಕ್ಕೆ ಬಂದ. ಕೆಲವೇ ವರ್ಷಗಳಲ್ಲಿ ಗವಾನರು ಪ್ರಧಾನ ವಜೀರರಾದರು. 1472ರಲ್ಲಿ ಗೋವಾ ಬಹಮನಿಗಳ ವಶವಾಯಿತು, ಅದರ ಹಿಂದೆಯೇ ಬೆಳಗಾವಿ. ಮದ್ರಸಾ ನಿರ್ಮಾಣವಾದದ್ದೂ ಅದೇ ಕಾಲದಲ್ಲಿ. ಮೂರು ಅಂತಸ್ತಿನ ಆ ವಿದ್ಯಾಲಯದ ಗ್ರಂಥಾಲಯದಲ್ಲಿ ಮೂರು ಸಾವಿರ ಗ್ರಂಥಗಳಿದ್ದವೆನ್ನುತ್ತಾರೆ. ಹಿರಾತಿನ ಮಹಾಕವಿ ಜಾಮಿಯೊಂದಿಗೆ ಗವಾನರ ಪತ್ರವ್ಯವಹಾರವಿತ್ತು. ರಿಯಾಝುಲ್ ಇನ್‌ಶಾ ಎಂಬ ಅವರ ಪತ್ರಸಂಗ್ರಹ ಇಂದಿಗೂ ಉಳಿದಿದೆ.

ಅವರ ಶತ್ರುಗಳು ಹುಟ್ಟಿದ್ದು ಈ ಕೀರ್ತಿಯಿಂದಲ್ಲ, ಲೆಕ್ಕಪತ್ರದಿಂದ. ಅದುವರೆಗೆ ರಾಜ್ಯವು ನಾಲ್ಕು ದೊಡ್ಡ ಪ್ರಾಂತಗಳಾಗಿ ನಾಲ್ವರು ತರಫ್‌ದಾರರ ಕೈಯಲ್ಲಿತ್ತು. ಗವಾನರು ಅದನ್ನು ಎಂಟು ಮಾಡಿದರು. ಒಬ್ಬ ತರಫ್‌ದಾರನಿಗೆ ಒಂದೇ ಕೋಟೆ, ಉಳಿದವು ನೇರವಾಗಿ ಸುಲ್ತಾನನ ಅಧೀನ. ಭೂಮಿಯ ಅಳತೆ ಮಾಡಿಸಿದರು. ಐನೂರು ಸೈನಿಕರನ್ನು ಇಟ್ಟುಕೊಳ್ಳುವ ಸರದಾರನಿಗೆ ಒಂದು ಲಕ್ಷ ಇದ್ದುದನ್ನು 1 ಲಕ್ಷ 25 ಸಾವಿರ ಹೊನ್ನಿಗೆ ಏರಿಸಿದರು. ಆದರೆ ಎಣಿಸುವಾಗ ಸೈನಿಕರ ಸಂಖ್ಯೆ ಕಡಿಮೆಯಾದರೆ ಅಷ್ಟು ಹಣ ಕಡಿತ. ಕಾಗದದ ಮೇಲೆ ಮಾತ್ರ ಇರುವ ಸೈನಿಕರ ಸಂಬಳ ತಿನ್ನುತ್ತಿದ್ದವರಿಗೆ ಇದು ಹೇಗೆ ಹಿಡಿಸೀತು? ಹುದ್ದೆಗಳನ್ನು ಮಾತ್ರ ಅವರು ದಖನಿಗಳಿಗೂ ಆಫಾಕಿಗಳಿಗೂ ಹಂಚಿದರು. ಮಲಿಕ್ ಹಸನ್ ನಿಝಾಮುಲ್ ಮುಲ್ಕ್ ಬಹ್ರಿ ಎಂಬ ದಖನಿ ಸರದಾರನಿಗೆ ತೆಲಂಗಾಣದಂತಹ ದೊಡ್ಡ ಪ್ರಾಂತ ಸಿಕ್ಕಿದ್ದೂ ಹೀಗೆ. ಹೊಸ ವಿಂಗಡಣೆಯಲ್ಲಿ ಅದು ಎರಡಾಗಿ ಹೋದಾಗ ಆತ ಮನಸ್ಸಿನಲ್ಲಿ ವಿಷ ಇಟ್ಟುಕೊಂಡ.

1481ರ ವಸಂತದಲ್ಲಿ ಸುಲ್ತಾನನ ದಂಡು ಇಂದಿನ ವಿಜಯವಾಡದ ಬಳಿಯ ಕೊಂಡಪಲ್ಲಿಯಲ್ಲಿ ಬೀಡುಬಿಟ್ಟಿತ್ತು. ಗವಾನರ ನಂಬುಗೆಯ ಸರದಾರ ಯೂಸುಫ್ ಆದಿಲ್ ಖಾನ್ ಆಗ ಬೇರೆ ಕಡೆ ದಂಡಯಾತ್ರೆಯಲ್ಲಿದ್ದ. ಸಂಚು ಹೂಡಿದವರಿಗೆ ಬೇಕಾದದ್ದೂ ಅದೇ. ಗವಾನರ ಮುದ್ರೆಯನ್ನು ಕಾಯುತ್ತಿದ್ದ ಗುಲಾಮನೊಂದಿಗೆ ಸ್ನೇಹ ಬೆಳೆಸಿ, ಅವನಿಗೆ ಕುಡಿಸಿ, ಖಾಲಿ ಕಾಗದವೊಂದರ ಮೇಲೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರಲ್ಲಿ ಒರಿಸ್ಸಾದ ರಾಜನಿಗೆ ಪತ್ರ ಬರೆದರು. ಸುಲ್ತಾನ ಕುಡುಕ, ಪ್ರಜೆಗಳು ಬೇಸತ್ತಿದ್ದಾರೆ, ನೀವು ದಂಡೆತ್ತಿ ಬಂದರೆ ರಾಜ್ಯವನ್ನು ಹಂಚಿಕೊಳ್ಳೋಣ ಎಂಬುದು ಅದರ ಸಾರಾಂಶ. ಮುದ್ರೆ ನಿಜವಾದದ್ದು, ಪತ್ರ ಸುಳ್ಳು. ಸುಲ್ತಾನ ಅಮಲಿನಲ್ಲಿದ್ದಾಗ ಅದನ್ನು ಅವನ ಕೈಗಿಟ್ಟರು.

ಗವಾನರಿಗೆ ಕರೆ ಬಂತು. ಹೋಗಬೇಡಿ, ಕುದುರೆಗಳು ಸಿದ್ಧವಾಗಿವೆ, ಗುಜರಾತಿಗೆ ಹೊರಟುಬಿಡೋಣ ಎಂದು ಹಿತೈಷಿಗಳು ಬೇಡಿಕೊಂಡರು. ಇಷ್ಟು ವರ್ಷ ಉಪ್ಪು ತಿಂದ ಮನೆಯಿಂದ ಕಳ್ಳನಂತೆ ಓಡಿಹೋಗಲು ಅವರು ಒಪ್ಪಲಿಲ್ಲ. ಸುಲ್ತಾನನು ದ್ರೋಹಿಗೆ ತಕ್ಕ ಶಿಕ್ಷೆ ಏನೆಂದು ಕೇಳಿದ. ಕತ್ತಿಯೇ ಎಂದು ಅವರು ಉತ್ತರಿಸಿದರು. ಆಗ ಪತ್ರವನ್ನು ತೋರಿಸಲಾಯಿತು. ಮುದ್ರೆ ತನ್ನದೇ, ಬರಹದ ವಿಷಯ ತನಗೆ ತಿಳಿಯದೆಂದು ಗವಾನರು ಅಲ್ಲಾಹನ ಮೇಲೆ ಆಣೆಯಿಟ್ಟು ಹೇಳಿದರು. ಸುಲ್ತಾನ ಕೇಳುವ ಸ್ಥಿತಿಯಲ್ಲಿರಲಿಲ್ಲ. ಜೌಹರ್ ಎಂಬ ಗುಲಾಮನಿಗೆ ಆಜ್ಞೆ ಕೊಟ್ಟು ಒಳಗೆ ನಡೆದ. ಮುದುಕನೊಬ್ಬನ ಸಾವು ದೊಡ್ಡದಲ್ಲ, ಆದರೆ ಇದರಿಂದ ರಾಜ್ಯ ಹಾಳಾಗುತ್ತದೆ ಎಂದಷ್ಟೇ ಎಚ್ಚರಿಸಿ, ಆ ವೃದ್ಧರು ಕಿಬ್ಲಾದ ಕಡೆ ಮುಖ ಮಾಡಿ ಮಂಡಿಯೂರಿ ಕಲಿಮಾ ಹೇಳಿದರು. ಅದು 1481ರ ಏಪ್ರಿಲ್ 5, ಹಿಜರಿ 886ರ ಸಫರ್ ತಿಂಗಳ 5. ಹುಟ್ಟಿದ ಮಣ್ಣಿನಿಂದ ಸಾವಿರಾರು ಮೈಲಿ ದೂರದಲ್ಲಿ, ಒಂದೇ ದಂಡಿನಲ್ಲಿ ನಡೆದುಬಂದ ಜೊತೆಗಾರರ ಸಂಚಿನಿಂದ ಪರದೇಶಿಯೊಬ್ಬರ ತಲೆ ಉರುಳಿತು. ಅವರ ಬಿಡಾರವನ್ನು ಲೂಟಿ ಮಾಡಲು ಬಿಡಲಾಯಿತು.

ಮರಣದ ವಿವರಗಳಲ್ಲಿ ಒಬ್ಬ ಕಾಜಿಯ ಹೆಸರೂ ಬರುವುದಿಲ್ಲ. ಇಸ್ಲಾಮೀ ಸಾಮ್ರಾಜ್ಯವೆಂದು ಕರೆಸಿಕೊಳ್ಳುತ್ತಿದ್ದ ರಾಜ್ಯದಲ್ಲಿ, ಒಂದು ಜೀವದ ತೀರ್ಮಾನ ಶರೀಅತ್ತಿನ ನ್ಯಾಯಾಲಯದ ಹೊಸ್ತಿಲು ತುಳಿಯಲಿಲ್ಲ. ಕೋಪದಲ್ಲಿರುವಾಗ ತೀರ್ಪು ನೀಡಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದ್ದರು. ಹ. ಅಲಿಯವರನ್ನು(ರ) ಯಮನಿಗೆ ನ್ಯಾಯಾಧೀಶರಾಗಿ ಕಳುಹಿಸುವಾಗ, ಇನ್ನೊಬ್ಬನ ಮಾತನ್ನೂ ಕೇಳದೆ ತೀರ್ಮಾನಕ್ಕೆ ಬರಬಾರದೆಂದು ಉಪದೇಶಿಸಿದ್ದರು. ಇಲ್ಲಿ ಕೋಪವೂ ಇತ್ತು, ಅದರ ಮೇಲೆ ಅಮಲೂ ಇತ್ತು.

ಈಗ ಸುಲ್ತಾನನ ಆಸೆ ವಜೀರನ ಸಂಪತ್ತಿನ ಕಡೆ ತಿರುಗಿತು. ಗವಾನರ ಖಜಾಂಚಿ ನಿಝಾಮುದ್ದೀನ್ ಹಸನ್ ಗೀಲಾನಿಯನ್ನು ಕರೆಸಿ ಹಣ ಎಲ್ಲಿ ಎಂದು ಕೇಳಿದ. ಇತಿಹಾಸಕಾರ ಫಿರಿಶ್ತಾ ಈ ಸಂದರ್ಭವನ್ನು ವಿವರವಾಗಿಯೇ ಬರೆದಿದ್ದಾನೆ. ತನ್ನ ಒಡೆಯನಿಗೆ ಎರಡು ಖಜಾನೆಗಳಿದ್ದವು, ಒಂದಕ್ಕೆ ಸುಲ್ತಾನನ ಖಜಾನೆಯೆಂದು ಹೆಸರು, ಇನ್ನೊಂದಕ್ಕೆ ಬಡವರ ಖಜಾನೆಯೆಂದು ಹೆಸರು ಎಂದು ಖಜಾಂಚಿ ತಿಳಿಸಿದ. ಮೊದಲನೆಯದು ಸೈನ್ಯ, ಕುದುರೆ, ಆನೆಗಳ ಖರ್ಚಿಗೆ. ಅದರಲ್ಲಿ ಹತ್ತು ಸಾವಿರ ಲಾರಿ ಮತ್ತು ಮೂರು ಸಾವಿರ ಹೊನ್ನುಗಳಿದ್ದವು. ಎರಡನೆಯದರಲ್ಲಿ ಮುನ್ನೂರು ಲಾರಿ. (ಲಾರಿ ಎಂದರೆ ಆ ಕಾಲದ ಪರ್ಸಿಯನ್ ಕೊಲ್ಲಿಯ ಬೆಳ್ಳಿ ನಾಣ್ಯ. ತರಗತಿಯಲ್ಲಿ ಇದನ್ನು ಹೇಳಿದರೆ ಮಕ್ಕಳಿಗೆ ನಗುವೋ ನಗು.) ಗವಾನರು ಇರಾನಿನಿಂದ ತಂದಿದ್ದ ಬಂಡವಾಳ ನಲವತ್ತು ಸಾವಿರ ಲಾರಿ. ವಜೀರರಾದ ಮೇಲೂ ಅದನ್ನೇ ವ್ಯಾಪಾರದಲ್ಲಿ ತೊಡಗಿಸಿ, ಅದರ ಲಾಭದಲ್ಲಿ ಸ್ವಂತ ಊಟ ಬಟ್ಟೆ ನಡೆಸುತ್ತಿದ್ದರು. ಜಾಗೀರಿನ ಆದಾಯದಲ್ಲಿ ಉಳಿದದ್ದು ಸುಲ್ತಾನನ ಹೆಸರಿನಲ್ಲಿ ಬಡವರಿಗೆ ಹೋಗುತ್ತಿತ್ತು. ಮಲಗಲು ಚಾಪೆ, ಉಣ್ಣಲು ಮಣ್ಣಿನ ಪಾತ್ರೆ.

ಖಜಾಂಚಿ ಅಲ್ಲಿಗೇ ನಿಲ್ಲಿಸಬಹುದಿತ್ತು. ಒಡೆಯನ ರಕ್ತ ಇನ್ನೂ ಆರಿರಲಿಲ್ಲ, ಮುಂದಿನ ಸರದಿ ತನ್ನದಾಗಬಹುದಿತ್ತು. ಆದರೆ ಆತ ಒಂದು ಪ್ರಶ್ನೆಯನ್ನು ಸುಲ್ತಾನನ ಮುಂದಿಟ್ಟ. ಖ್ವಾಜಾರವರು ಪತ್ರ ಬರೆದದ್ದು ನಿಜವಾದರೆ ಅದನ್ನು ಒಯ್ಯುತ್ತಿದ್ದ ಓಲೆಕಾರ ಯಾರು? ಅವನನ್ನು ಹಿಡಿದು ತಂದು ವಿಚಾರಿಸಿದ್ದರೆ ದ್ರೋಹವಾದರೂ ಜಗತ್ತಿಗೆ ರುಜುವಾತಾಗುತ್ತಿತ್ತಲ್ಲ? ಸುಲ್ತಾನ ನಿದ್ರೆಯಿಂದ ಎಚ್ಚೆತ್ತವನಂತಾದ. ಪತ್ರ ತಂದುಕೊಟ್ಟವರನ್ನು ಕರೆಸಿ ಓಲೆಕಾರನನ್ನು ಕೇಳಿದ. ಉತ್ತರ ಬರಲಿಲ್ಲ. ಎಲ್ಲವೂ ಸ್ಪಷ್ಟವಾಯಿತು, ತುಂಬ ತಡವಾಗಿ.

ಖಜಾಂಚಿ ಕೇಳಿದ ಪ್ರಶ್ನೆಯನ್ನು ಓದುವಾಗ ನಮ್ಮ ನ್ಯಾಯಶಾಸ್ತ್ರದ ಗ್ರಂಥಗಳಲ್ಲಿ ಬರುವ ಕೂಫಾ ನಗರದ ಒಂದು ಪ್ರಕರಣ ನೆನಪಾಗುತ್ತದೆ. ಇಮಾಮ್ ಇಬ್ನುಲ್ ಕಯ್ಯಿಮ್ ಅದನ್ನು ಉಲ್ಲೇಖಿಸಿದ್ದಾರೆ. ತಂದೆಯು ಕೆಲವರೊಂದಿಗೆ ಪ್ರಯಾಣ ಹೋಗಿದ್ದ. ಜೊತೆಗಾರರು ಮರಳಿದರು, ತಂದೆ ಮರಳಲಿಲ್ಲ. ಸತ್ತನೆಂದರು, ಹಣ ಏನೂ ಬಿಟ್ಟಿಲ್ಲವೆಂದರು. ಮಗನಿಗೆ ಮಾತ್ರ ತಂದೆ ಬಹಳ ಹಣದೊಂದಿಗೆ ಹೊರಟದ್ದು ಗೊತ್ತಿತ್ತು. ಕಾಜಿ ಶುರೈಹ್ ಅವರಿಂದ ಆಣೆ ಮಾಡಿಸಿ ಬಿಟ್ಟುಬಿಟ್ಟರು. ಯುವಕ ಖಲೀಫಾ ಹ. ಅಲಿಯವರ(ರ) ಬಳಿ ಬಂದ. ಅವರು ಆ ಜೊತೆಗಾರರನ್ನು ಒಬ್ಬೊಬ್ಬರಾಗಿ ಬೇರ್ಪಡಿಸಿ, ಲೇಖಕನನ್ನು ಕೂರಿಸಿಕೊಂಡು ವಿಚಾರಿಸಿದರು. ಯಾವ ದಿನ ಹೊರಟಿರಿ, ಎಲ್ಲಿ ಇಳಿದಿರಿ, ಏನು ಕಾಯಿಲೆ, ಸ್ನಾನ ಮಾಡಿಸಿದವರು ಯಾರು, ಜನಾಝಾ ನಮಾಝಿಗೆ ನಿಂತವರು ಯಾರು, ಎಲ್ಲಿ ದಫನ್ ಮಾಡಿದಿರಿ? ಮೊದಲನೆಯವನ ಹೇಳಿಕೆ ಮುಗಿದಾಗ ಜೋರಾಗಿ ತಕ್ಬೀರ್ ಹೇಳಿದರು. ಹೊರಗಿದ್ದವರು ಆತ ಒಪ್ಪಿಕೊಂಡನೆಂದೇ ತಿಳಿದರು. ಆಮೇಲೆ ಬಂದವರು ಒಬ್ಬೊಬ್ಬರಾಗಿ ಕೊಲೆಯನ್ನೂ ಕದ್ದ ಹಣವನ್ನೂ ಒಪ್ಪಿಕೊಂಡರು.

ಪವಿತ್ರ ಕುರ್‌ಆನ್ ಕೂಡ ಅಲ್‌ಮಾಇದ ಅಧ್ಯಾಯದಲ್ಲಿ, ಪ್ರಯಾಣದಲ್ಲಿ ಮರಣ ಬಂದವನ ವಸಿಯ್ಯತ್ತಿಗೆ ಸಾಕ್ಷಿ ನಿಂತವರ ಮೇಲೆ ಸಂಶಯ ಬಂದರೆ ಏನು ಮಾಡಬೇಕೆಂದು ವಿಧಿಸಿದೆ. ವಾರಸುದಾರರು ಎದ್ದುನಿಂತು ಪ್ರತಿ-ಆಣೆ ಮಾಡುವ ಹಕ್ಕನ್ನು ಕೊಟ್ಟಿದೆ. ದೂರದೇಶದಿಂದ ಬರುವ ಸುದ್ದಿಯನ್ನು ಜೊತೆಗಾರನ ಬಾಯಿಂದಲೇ ನಂಬಬೇಕಾದ ಸಂಕಟ ನಮಗೂ ಹೊಸದಲ್ಲ. ವಿಜಯನಗರ, ರಾಜಾಜಿನಗರ, ಕೆಂಗೇರಿಯ ಮನೆಗಳಿಂದಲೂ ದುಬೈ, ರಿಯಾದ್‌ಗಳಿಗೆ ಹೋದ ಮಕ್ಕಳಿದ್ದಾರೆ. ಅಲ್ಲಿ ಯಾರಿಗಾದರೂ ಏನಾದರೂ ಆದರೆ ಮನೆಯವರು ಕೇಳಬೇಕಾದದ್ದೂ ಕೂಫಾದಲ್ಲಿ ಕೇಳಿದ ಅದೇ ಪ್ರಶ್ನೆಗಳನ್ನು. ಅವು ಸಬ್ರ್‌ಗೆ ವಿರುದ್ಧವಲ್ಲ. ಹಾಗೆ ಕೇಳಿದ ತಾಯಂದಿರ ಬಾಯಿ ಮುಚ್ಚಿಸುವ ಬಂಧುಗಳು ಹ. ಅಲಿಯವರ(ರ) ಈ ವಿಚಾರಣೆಯನ್ನು ಒಮ್ಮೆ ಓದಲಿ.

ಕೊಂಡಪಲ್ಲಿಯಲ್ಲಿ ವಿಚಾರಣೆಗೆ ಕೂರುವವರು ಇರಲಿಲ್ಲ. ಕೊಲ್ಲಲು ಆಜ್ಞೆಯಿತ್ತವನೇ ನ್ಯಾಯದ ಪೀಠದ ಒಡೆಯ. ಸುಲ್ತಾನ ಶವವನ್ನು ಗೌರವದಿಂದ ಬೀದರಿಗೆ ಕಳುಹಿಸಿದ, ಮಗನನ್ನು ಸಮಾಧಿಯ ದರ್ಶನಕ್ಕೆ ಅಟ್ಟಿದ. ಆದರೆ ಮಲಿಕ್ ಹಸನನ ಕೂದಲೂ ಕೊಂಕಲಿಲ್ಲ. ಅವನಿಗೆ ಮಲಿಕ್ ನಾಯಿಬ್ ಎಂಬ ಪದವಿ, ಗವಾನರ ಅಧಿಕಾರ ಎರಡೂ ಸಿಕ್ಕವು. ಇದನ್ನು ಪಶ್ಚಾತ್ತಾಪವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಹಿರಿಯ ಸರದಾರರಿಗೂ ಬರಲಿಲ್ಲ. ಫತ್‌ಹುಲ್ಲಾ ಇಮಾದುಲ್ ಮುಲ್ಕ್, ಖುದಾವಂದ್ ಖಾನ್ ಮೊದಲಾದವರು ತಮ್ಮ ಸೈನ್ಯದೊಂದಿಗೆ ದೂರದಲ್ಲಿಯೇ ಬೀಡುಬಿಟ್ಟರು. ಗವಾನರಂಥವರಿಗೇ ಈ ಗತಿಯಾದರೆ ತಮ್ಮ ಪಾಡೇನು ಎಂದು ಸುಲ್ತಾನನ ಡೇರೆಯ ಕಡೆ ಸುಳಿಯಲಿಲ್ಲ. ಯೂಸುಫ್ ಆದಿಲ್ ಖಾನ್ ಕೂಡ ಮರಳಿ ಬಂದು ಅವರನ್ನೇ ಸೇರಿದ. ನ್ಯಾಯ ಸಿಗದ ದರ್ಬಾರಿಗೆ ಬೆನ್ನು ತಿರುಗಿಸುವುದಷ್ಟೇ ಅವರಿಗೆ ಉಳಿದಿದ್ದ ದಾರಿ.

ಮುಂದಿನದು ಬೇಗ ಮುಗಿಯಿತು. ಕುಡಿತದಲ್ಲಿ ಮುಳುಗಿದ ಸುಲ್ತಾನ 1482ರ ಮಾರ್ಚ್ ಕೊನೆಯಲ್ಲಿ, ಚಾಂದ್ರಮಾನ ವರ್ಷವೊಂದು ತುಂಬುವ ಹೊತ್ತಿಗೆ, ಮೂವತ್ತು ತುಂಬುವ ಮೊದಲೇ ಸತ್ತ. ಗವಾನರು ತನ್ನನ್ನು ಕೊಲ್ಲುತ್ತಿದ್ದಾರೆಂದು ಕೊನೆಗಾಲದಲ್ಲಿ ಚೀರುತ್ತಿದ್ದನಂತೆ. ಮಲಿಕ್ ಹಸನ್ 1486ರಲ್ಲಿ ಬೀದರಿನಲ್ಲಿ, ತಾನು ನಂಬಿ ಆಶ್ರಯ ಪಡೆದ ಅಧಿಕಾರಿಯ ಕೈಯಲ್ಲೇ ಕೊಲೆಯಾದ. ಕೆಲವೇ ವರ್ಷಗಳಲ್ಲಿ ಬಿಜಾಪುರ, ಅಹ್ಮದ್‌ನಗರ, ಬಿರಾರ್‌ಗಳು ಬೇರೆಯಾದವು. ಮದ್ರಸಾ ಮಾತ್ರ ಎರಡು ಶತಮಾನ ಹೆಚ್ಚು ಬಾಳಿತು. 1696ರಲ್ಲಿ ಸಿಡಿಮದ್ದಿನ ಸ್ಫೋಟಕ್ಕೆ ಸಿಕ್ಕಿ ಅದರ ಒಂದು ಭಾಗ ಉರುಳಿತು. ಗವಾನರ ಸಮಾಧಿ ಬೀದರ್ ಪಟ್ಟಣದ ಹೊರಗೆ ಗೋರನಳ್ಳಿಯಲ್ಲಿದೆ. ಮದ್ರಸಾ ನೋಡಲು ಬಂದವರಲ್ಲಿ ಅಲ್ಲಿಯವರೆಗೆ ಹೋಗುವವರು ಕಡಿಮೆ.