ಬಿಸಿಲು, ಗಾಳಿಗಳ ಲೆಕ್ಕವಿಟ್ಟ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್

ಹಳೆಯ ಮೈಸೂರು ಸಂಸ್ಥಾನದ ನಿರ್ಮಾಣಗಳ ಮಾತು ಬಂದಾಗ ಸರ್ ಎಂ. ವಿಶ್ವೇಶ್ವರಯ್ಯ, ಸರ್ ಮಿರ್ಜಾ ಇಸ್ಮಾಯಿಲ್ ಅವರ ಹೆಸರುಗಳು ಸಹಜವಾಗಿಯೇ ಮುಂದೆ ನಿಲ್ಲುತ್ತವೆ. ಅದೇ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಸುಮಾರು ಒಂಬತ್ತು ವರ್ಷ ದುಡಿದ ಜರ್ಮನ್ ಯಹೂದಿ ಒಟ್ಟೊ ಕೋನಿಗ್ಸ್‌ಬರ್ಗರ್ ಅವರು ಜಗತ್ತಿನ ವಾಸ್ತುಶಿಲ್ಪ ವಿದ್ಯಾರ್ಥಿಗಳಿಗೆ ಚಿರಪರಿಚಿತರು. ಕನ್ನಡಿಗರಿಗೆ ಮಾತ್ರ ಅಷ್ಟಾಗಿ ಪರಿಚಿತರಲ್ಲ.

ಅವರು ಜನಿಸಿದ್ದು 1908ರಲ್ಲಿ, ಬರ್ಲಿನ್ ನಗರದಲ್ಲಿ. ಅಲ್ಲಿನ ತಾಂತ್ರಿಕ ವಿದ್ಯಾಲಯದಲ್ಲಿ ಹಾನ್ಸ್ ಪೋಲ್ಜಿಗ್ ಅವರಂತಹ ಹಿರಿಯರ ಬಳಿ ಕಲಿತು, 1933ರಲ್ಲಿ ಪ್ರತಿಷ್ಠಿತ ಶಿಂಕೆಲ್ ಪ್ರಶಸ್ತಿಗೆ ಪಾತ್ರರಾದರು. ಅದೇ ವರ್ಷ ಹಿಟ್ಲರನ ಆಡಳಿತ ಬಂದು, ಯಹೂದಿಗಳಿಗೆ ಸರ್ಕಾರಿ ಕೆಲಸದ ಬಾಗಿಲು ಮುಚ್ಚಿತು. ದೇಶ ಬಿಟ್ಟ ಈ ತರುಣ ಈಜಿಪ್ಟ್‌ಗೆ ತೆರಳಿ ಪುರಾತತ್ತ್ವ ಸಂಶೋಧನೆಯಲ್ಲಿ ತೊಡಗಿದರು. ಪ್ರಾಚೀನ ಈಜಿಪ್ಟಿನವರು ಬಾಗಿಲುಗಳನ್ನು ಹೇಗೆ ಜೋಡಿಸುತ್ತಿದ್ದರು ಎಂಬುದೇ ಅವರ ಡಾಕ್ಟರೇಟ್ ಪ್ರಬಂಧದ ವಿಷಯ. ಆಧುನಿಕ ವಾಸ್ತುಶಿಲ್ಪದಲ್ಲಿ ತರಬೇತಿ ಪಡೆದವರು ಸಾವಿರಾರು ವರ್ಷಗಳ ಹಿಂದಿನ ಬಡಗಿಯ ಕೈಚಳಕವನ್ನು ವರ್ಷಗಟ್ಟಲೆ ಅಭ್ಯಸಿಸಿದ್ದು ಮುಂದೆ ಅವರಿಗೆ ಒದಗಿಬಂದಿತೆಂದೇ ನಮಗೆ ತೋರುತ್ತದೆ.

ಅವರ ಸೋದರಮಾವ, ಹೆಸರಾಂತ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, 1935-36ರಲ್ಲಿ ಸರ್ ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಕಾಲ ಇದ್ದವರು. 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕರೆಯಂತೆ ಸೋದರಳಿಯನೂ ಬೆಂಗಳೂರಿಗೆ ಬಂದರು.

ದಿವಾನರು ಸೌಂದರ್ಯೋಪಾಸಕರು, ಗುಮ್ಮಟ, ಕಮಾನು, ಅಲಂಕಾರಗಳೆಂದರೆ ಅವರಿಗೆ ಪ್ರೀತಿ. ಹೊಸಬರಾದ ವಾಸ್ತುಶಿಲ್ಪಿಗಾದರೋ ಕಟ್ಟಡದ ಉಪಯೋಗವೇ ಅದರ ರೂಪವನ್ನು ನಿರ್ಧರಿಸಬೇಕೆಂಬ ನಂಬಿಕೆ. ಈ ಎರಡು ಅಭಿರುಚಿಗಳ ನಡುವಣ ಹಗ್ಗಜಗ್ಗಾಟದಲ್ಲಿಯೇ ಅವರ ಮೊದಲ ವರ್ಷಗಳು ಕಳೆದವು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿ ಉಕ್ಕು, ಸಿಮೆಂಟುಗಳು ದುರ್ಲಭವಾದವು. ಊರಿನ ಕಲ್ಲು, ಇಟ್ಟಿಗೆ, ಗಾರೆ ಮತ್ತು ಸ್ಥಳೀಯ ಕೆಲಸಗಾರರ ಕೈಗುಣ, ಇವಿಷ್ಟನ್ನೇ ನೆಚ್ಚಿಕೊಳ್ಳಬೇಕಾದ ಕಾಲವದು. ಈ ಕೊರತೆ ಒಂದು ಬಗೆಯಲ್ಲಿ ಉಪಕಾರವನ್ನೇ ಮಾಡಿತು.

ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರು ರೂಪಿಸಿದ ವಿದ್ಯಾಕಟ್ಟಡಗಳಲ್ಲಿ ಇದರ ಫಲವನ್ನು ಕಾಣಬಹುದು. 1942ರಲ್ಲಿ ಆರಂಭವಾದ ಏರೋನಾಟಿಕ್ಸ್ ವಿಭಾಗ, ಅನಂತರದ ಲೋಹಶಾಸ್ತ್ರ ವಿಭಾಗ, ವಿದ್ಯಾರ್ಥಿಗಳ ಭೋಜನಶಾಲೆ ಮತ್ತು ಸಭಾಂಗಣ ಇವೆಲ್ಲ ಅವರ ಕೃತಿಗಳು. ಒಂದೆಡೆ ವಾಯುಸುರಂಗದಂತಹ ಅತ್ಯಾಧುನಿಕ ಯಂತ್ರಕ್ಕೆ ಸ್ಥಳ ಒದಗಿಸಬೇಕು. ಇನ್ನೊಂದೆಡೆ ಫ್ಯಾನಿಲ್ಲದೆಯೂ ಕುಳಿತು ಓದುವಂತಿರಬೇಕು. ಸೂರ್ಯನ ದಾರಿ ನೋಡಿ ಕಟ್ಟಡದ ದಿಕ್ಕನ್ನು ಗೊತ್ತುಮಾಡುವುದು, ಕಿಟಕಿಗಳ ಮೇಲೆ ಸಜ್ಜವನ್ನು ಮುಂದಕ್ಕೆ ಚಾಚಿ ಬಿಸಿಲು ಮಳೆಗಳನ್ನು ತಡೆಯುವುದು, ಎದುರುಬದುರಾಗಿ ಗಾಳಿಯಾಡುವಂತೆ ಕೋಣೆಗಳನ್ನು ಜೋಡಿಸುವುದು ಅವರ ಕ್ರಮವಾಗಿತ್ತು. ನಮ್ಮ ಹಿರಿಯರ ಜಗಲಿ, ತೊಟ್ಟಿಮನೆಗಳಲ್ಲಿ ಇದ್ದುದೂ ಇದೇ ವಿವೇಕ. ಅವರು ಅದಕ್ಕೆ ಅಳತೆ, ಲೆಕ್ಕಗಳ ಆಧಾರ ಕೊಟ್ಟರು.

ಇದೇ ಅವಧಿಯಲ್ಲಿ ಭದ್ರಾವತಿಯ ನಗರಯೋಜನೆ, ಟಾಟಾ ಕಂಪನಿಗಾಗಿ ಜಮ್‌ಷೆಡ್‌ಪುರದ ಯೋಜನೆ, 1948ರಲ್ಲಿ ಒಡಿಶಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆ ಅವರಿಂದ ಆದವು. ಮುಂಬಯಿಯಲ್ಲಿ 1946ರಲ್ಲಿ ಆರಂಭವಾದ ಮಾರ್ಗ್ ಬಳಗದ ಜೊತೆಯಲ್ಲೂ ಅವರಿದ್ದರು.

ಸ್ವತಂತ್ರ ಭಾರತದಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರ ಹುದ್ದೆ ಅವರದಾಯಿತು. ದೇಶವಿಭಜನೆಯಿಂದ ನೆಲೆ ಕಳೆದುಕೊಂಡ ಲಕ್ಷಾಂತರ ಜನರಿಗೆ ಬೇಗನೆ ಸೂರು ಬೇಕಿತ್ತು. ಸ್ವತಃ ನಿರಾಶ್ರಿತರಾಗಿದ್ದವರಿಗೆ ಆ ಅವಸರ ಎಂತಹುದೆಂಬುದು ತಿಳಿಯದೇ? ಗೋಡೆಯ ಹಲಗೆಗಳನ್ನು ಕಾರ್ಖಾನೆಯಲ್ಲಿಯೇ ಎರಕಹೊಯ್ದು ತಂದು ಜೋಡಿಸುವ ಮನೆಗಳಿಗಾಗಿ ದೆಹಲಿಯಲ್ಲಿ ಕಾರ್ಖಾನೆಯೊಂದು ಸ್ಥಾಪನೆಯಾಯಿತು. ವಿದೇಶಿ ತಂತ್ರವನ್ನು ನಂಬಿದ್ದ ಈ ಯೋಜನೆ ಕೈಗೂಡಲಿಲ್ಲ. ಹಲಗೆಗಳು ಬಾಳಿಕೆ ಬರಲಿಲ್ಲ, ಟೀಕೆಗಳ ಸುರಿಮಳೆಯಾಯಿತು. ಮೈಸೂರಿನಲ್ಲಿ ನೆಲದ ವಸ್ತುಗಳಿಂದ ಗೆದ್ದವರು ದೆಹಲಿಯಲ್ಲಿ ಅದನ್ನು ಬಿಟ್ಟುಕೊಟ್ಟು ಸೋತರೆಂಬುದು ಅವರ ಬಾಳಿನ ದೊಡ್ಡ ವಿಪರ್ಯಾಸ. 1951ರಲ್ಲಿ ಅವರು ಭಾರತವನ್ನು ಬಿಟ್ಟು ಲಂಡನ್ ಸೇರಿದರು.

ಅಲ್ಲಿ ಅವರು ಗುರುವಾದರು. ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯ ಉಷ್ಣವಲಯ ವಾಸ್ತುಶಿಲ್ಪ ವಿಭಾಗವನ್ನು ಅನೇಕ ವರ್ಷ ನಡೆಸಿದರು. ಏಷ್ಯಾ, ಆಫ್ರಿಕಾಗಳಿಂದ ಬಂದ ವಿದ್ಯಾರ್ಥಿಗಳಿಗೆ ಹವಾಮಾನವನ್ನು ಅರಿತು ಕಟ್ಟುವ ವಿದ್ಯೆಯನ್ನು ಹೇಳಿಕೊಟ್ಟರು. 1970ರ ದಶಕದಲ್ಲಿ ಸಹಲೇಖಕರೊಡನೆ ಪ್ರಕಟಿಸಿದ ಅವರ ಕೈಪಿಡಿ ಇಂದಿಗೂ ನಮ್ಮ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಬಳಕೆಯಲ್ಲಿದೆ.

ಆ ಕೈಪಿಡಿಯ ತಿರುಳನ್ನು ಮಹಾರಾಷ್ಟ್ರದಲ್ಲಿ ನೆಲೆಸಿರುವ ನಾವು ಕಣ್ಣಮುಂದಿನ ನಿದರ್ಶನಗಳಿಂದಲೇ ತಿಳಿಯಬಹುದು. ಮುಂಬಯಿಯ ತೇವದ ಸೆಖೆಗೆ ಗಾಳಿಯೇ ಮದ್ದು. ಇಲ್ಲಿನ ಶಾಲೆಗೆ ವಿಶಾಲವಾದ ಕಿಟಕಿ, ತೆರೆದ ಪಡಸಾಲೆ ಬೇಕು. ಛತ್ರಪತಿ ಸಂಭಾಜಿನಗರದ ಬೇಸಗೆಯಾದರೋ ಒಣ ಬಿಸಿಲಿನದು. ಅಲ್ಲಿ ಹಗಲಿನ ಕಾವನ್ನು ತಡೆದು ನಿಧಾನವಾಗಿ ಒಳಬಿಡುವ ದಪ್ಪ ಕಲ್ಲಿನ ಗೋಡೆ, ಚಿಕ್ಕ ಕಿಟಕಿ, ನೆರಳಿನ ಅಂಗಳಗಳೇ ಸೂಕ್ತ. ಹಗಲಿನಲ್ಲಿ ಮಾತ್ರ ನಡೆಯುವ ಶಾಲೆಗೆ ಅಂತಹ ಗೋಡೆ ಬಹು ಅನುಕೂಲ. ಸಂಜೆಯ ವೇಳೆಗೆ ಕಾವು ಒಳಬರುವಷ್ಟರಲ್ಲಿ ಮಕ್ಕಳು ಮನೆ ಸೇರಿರುತ್ತಾರೆ. ರಾತ್ರಿ ಮಲಗುವ ವಿದ್ಯಾರ್ಥಿನಿಲಯಕ್ಕೆ ಅದೇ ಗೋಡೆ ಶಿಕ್ಷೆಯಾದೀತು! ಆ ನಗರದ ಪನ್‌ಚಕ್ಕಿಯಲ್ಲಿ ಮೇಲಿನ ಕೊಳದ ತಳವೇ ಕೆಳಗಿನ ಸಭಾಂಗಣದ ಛಾವಣಿಯಾಗಿ ಒಳಗೆ ತಂಪನ್ನುಳಿಸಿದೆ. ನಾಸಿಕದ ಪೇಶ್ವೆಕಾಲದ ಸರ್ಕಾರವಾಡೆಯಂತಹ ಮನೆಗಳಲ್ಲಿ ಅಂಗಳ ಬೆಳಕು, ಗಾಳಿಗಳೆರಡನ್ನೂ ಒಳತರುತ್ತದೆ. ಹೀಗಿದ್ದೂ ಒಂದೇ ಕಾಂಕ್ರೀಟ್ ನಕ್ಷೆಯನ್ನು ಊರೂರಿಗೆ ಅಂಟಿಸಿ, ತಗಡಿನ ಛಾವಣಿಯಡಿ ಮಕ್ಕಳನ್ನು ಕೂರಿಸುವ ಪದ್ಧತಿ ಇನ್ನೂ ನಿಂತಿಲ್ಲವೆಂಬುದು ಖೇದಕರ.

1963ರಲ್ಲಿ ಸಿಂಗಪುರದ ನಗರಾಭಿವೃದ್ಧಿಗೆ ಸಲಹೆ ನೀಡಿದ ವಿಶ್ವಸಂಸ್ಥೆಯ ತಂಡದಲ್ಲೂ ಕೋನಿಗ್ಸ್‌ಬರ್ಗರ್ ಇದ್ದರು. ಅವರ ವಿಭಾಗ 1971ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಸ್ಥಳಾಂತರಗೊಂಡು, ಅಭಿವೃದ್ಧಿ ಯೋಜನಾ ಘಟಕವೆಂಬ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ. 1999ರ ಜನವರಿ 3ರಂದು, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಲಂಡನ್ನಿನಲ್ಲಿ ನಿಧನರಾದರು.