ಹಿಮಕ್ಕೆ ಹಾದಿ ಕಂಡ ಬೊಂಬಾರ್ಡಿಯರ್

ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್‌ಕೂರ್‌ನಲ್ಲಿ 1907ರಲ್ಲಿ ಜನಿಸಿದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್, ಹದಿನೈದರ ಹರೆಯದಲ್ಲೇ ಹಳೆಯ ಫೋರ್ಡ್ ಎಂಜಿನ್ನಿಗೆ ಪ್ರೊಪೆಲ್ಲರ್ ಜೋಡಿಸಿ ಹಿಮದ ಮೇಲೆ ವಾಹನ ಓಡಿಸಿದ್ದರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗ ಅಪೆಂಡಿಸೈಟಿಸ್‌ಗೆ ತುತ್ತಾದ. ಹಿಮ ಮುಚ್ಚಿದ ರಸ್ತೆಯಲ್ಲಿ ಆಸ್ಪತ್ರೆ ತಲುಪಲಾಗದೆ ಮಗು ಅಸುನೀಗಿತು. ಅವರ ಹಿಮವಾಹನ ಆಗಿನ್ನೂ ಅಪೂರ್ಣವಾಗಿತ್ತು.

ಶೋಕವನ್ನು ನುಂಗಿಕೊಂಡು ದುಡಿದ ಅವರು, ರಬ್ಬರ್ ಹೊದಿಸಿದ ಹಲ್ಲುಚಕ್ರ ಹಾಗೂ ಪಟ್ಟಿಯ ವ್ಯವಸ್ಥೆಗೆ 1937ರಲ್ಲಿ ಪೇಟೆಂಟ್ ಪಡೆದರು. ಏಳು ಜನ ಕೂರುವ ಅವರ ವಾಹನ ವೈದ್ಯರಿಗೂ ಒದಗಿತು. ಆದರೆ ಒಬ್ಬಿಬ್ಬರು ಏರುವ ಪುಟ್ಟ ವಾಹನದ ಕನಸಿಗೆ ಭಾರವೇ ಅಡ್ಡಿಯಾಯಿತು. ಶಕ್ತಿಶಾಲಿ ಎಂಜಿನ್ ಕೂರಿಸಿದರೆ ತೂಕ ಏರಿ, ವಾಹನ ಮೆದು ಹಿಮದಲ್ಲಿ ಹೂತುಹೋಗುತ್ತಿತ್ತು. ಹಗುರ ಎಂಜಿನ್‌ಗಳು ದೊರೆತ ಬಳಿಕ, 1959ರಲ್ಲಿ, ಅಖಂಡ ರಬ್ಬರ್ ಪಟ್ಟಿಯ ಸ್ಕಿ-ಡೂ ಮಾರುಕಟ್ಟೆಗೆ ಬಂದಿತು.

1964ರಲ್ಲಿ, 56ನೇ ವಯಸ್ಸಿನಲ್ಲಿ, ಅವರು ಕ್ಯಾನ್ಸರ್‌ನಿಂದ ನಿಧನರಾದರು. ಶಕ್ತಿ ಹೆಚ್ಚಿರಬೇಕು, ತೂಕ ತಗ್ಗಬೇಕು ಎಂಬ ಅವರ ಸೂತ್ರವನ್ನೇ ಪರ್ವತದ ಹಿಮವಾಹನಗಳು ಇಂದಿಗೂ ಅನುಸರಿಸುತ್ತಿವೆ.