ಗೂಬೆ ಒಂದು ಕಣ್ಣು ಕಿತ್ತುಕೊಂಡಿತು. ಇನ್ನೊಂದು ಕಣ್ಣಲ್ಲೇ ಹಕ್ಕಿಲೋಕ ತೋರಿಸಿದರು ಎರಿಕ್ ಹಾಸ್ಕಿಂಗ್

1937ರ ಮೇ ತಿಂಗಳ ಒಂದು ರಾತ್ರಿ. ಬ್ರಿಟನ್‌ನ ವೇಲ್ಸ್ ಪ್ರಾಂತ್ಯದ ಡೋಲ್ಡೌಲಾಡ್ ಎಂಬ ಊರಿನ ಕಾಡಿನಲ್ಲಿ 27 ವರ್ಷದ ಛಾಯಾಗ್ರಾಹಕನೊಬ್ಬ ಕಂಬಗಳನ್ನು ನೆಟ್ಟು ಕಟ್ಟಿದ್ದ ಅಟ್ಟಣಿಗೆ ಹತ್ತುತ್ತಿದ್ದ. ಮೇಲೆ ಬಟ್ಟೆ ಹೊದಿಸಿದ ಪುಟ್ಟ ಗೂಡು, ಅದರ ಎದುರಿಗೆ ಗೂಬೆಯ ಮರಿಗಳಿದ್ದ ಗೂಡು. ರೆಕ್ಕೆಯ ಸದ್ದೇ ಕೇಳಲಿಲ್ಲ. ಮುಖಕ್ಕೆ ಏನೋ ಬಲವಾಗಿ ಬಡಿಯಿತು, ಎಡಗಣ್ಣಿಗೆ ಉಗುರು ಇಳಿಯಿತು.

ಆ ಯುವಕನೇ ಎರಿಕ್ ಹಾಸ್ಕಿಂಗ್. ಮುಂದೆ ಅರ್ಧ ಶತಮಾನ ಕಾಲ ಹಕ್ಕಿಗಳ ಛಾಯಾಗ್ರಹಣ ಎಂದರೆ ಜಗತ್ತಿನ ನೆನಪಿಗೆ ಬರುತ್ತಿದ್ದ ಹೆಸರುಗಳಲ್ಲಿ ಅವರದ್ದೂ ಒಂದು. ಕ್ಯಾಮೆರಾಕ್ಕಿಂತಲೂ ಹೆಚ್ಚಾಗಿ ಅವರ ಕೆಲಸ ನಿಂತಿದ್ದು ಇನ್ನೊಂದು ವಸ್ತುವಿನ ಮೇಲೆ. ಅದೇ ಹೈಡ್.

ಹೈಡ್ ಅಂದರೆ ಹಕ್ಕಿ, ಪ್ರಾಣಿಗಳ ಕಣ್ಣಿಗೆ ಮನುಷ್ಯ ಬೀಳದಂತೆ ಕಟ್ಟುವ ಮರೆ. ಮಲೆನಾಡಿನಲ್ಲಿ ಕಾಡುಹಂದಿಯಿಂದ ಪೈರು ಕಾಯಲು ಗದ್ದೆಯಂಚಿನಲ್ಲಿ ಅಟ್ಟಣೆ ಕಟ್ಟುತ್ತಾರಲ್ಲ, ಹೆಚ್ಚುಕಡಿಮೆ ಅದರ ತಮ್ಮ. ಅಲ್ಲಿ ಕೂತವನು ಪ್ರಾಣಿಯನ್ನು ಓಡಿಸಬೇಕು, ಇಲ್ಲಿ ಕೂತವನು ಓಡಿಸಬಾರದು, ಅಷ್ಟೇ ವ್ಯತ್ಯಾಸ.

ಕೆಲಸ ಹೋಯಿತು, ಕ್ಯಾಮೆರಾ ಉಳಿಯಿತು

ಹಾಸ್ಕಿಂಗ್ ಹುಟ್ಟಿದ್ದು 1909ರ ಅಕ್ಟೋಬರ್ 2ರಂದು, ಲಂಡನ್‌ನಲ್ಲಿ. ಬಾಲ್ಯದಲ್ಲೇ ಕೈಗೆ ಬಂದಿದ್ದು ಕೊಡಾಕ್ ಕಂಪನಿಯ ಅಗ್ಗದ ಬಾಕ್ಸ್ ಬ್ರೌನಿ ಕ್ಯಾಮೆರಾ. ಅದರಲ್ಲಿ ಹಕ್ಕಿಗೂಡುಗಳ ಫೋಟೊ ತೆಗೆಯುವ ಹುಚ್ಚು ಹತ್ತಿತು. ಓದು ಬೇಗ ಮುಗಿಯಿತು. 15ರ ವಯಸ್ಸಿಗೆ ಶಾಲೆ ಬಿಟ್ಟು ಮೋಟಾರು ಬಿಡಿಭಾಗಗಳ ವ್ಯಾಪಾರದ ಕಂಪನಿಯೊಂದಕ್ಕೆ ಸೇರಿದರು. 1929ರಲ್ಲಿ ಆ ಕೆಲಸವೂ ಹೋಯಿತು.

ನಿರುದ್ಯೋಗಿಗೆ ದಾರಿ ತೋರಿಸಿದ್ದು ಒಂದು ಕಡಲಪ್ರಾಣಿ. ಲಂಡನ್ ಮೃಗಾಲಯಕ್ಕೆ ಬಂದಿದ್ದ ಎಲಿಫೆಂಟ್ ಸೀಲ್‌ನ ಗಾತ್ರ ಓದುಗರಿಗೆ ಗೊತ್ತಾಗಲಿ ಎಂದು ಅದರ ಪಕ್ಕ ಪುಟ್ಟ ಹುಡುಗಿಯೊಬ್ಬಳನ್ನು ನಿಲ್ಲಿಸಿ ತೆಗೆದ ಚಿತ್ರ ಪತ್ರಿಕೆಯಲ್ಲಿ ಅಚ್ಚಾಯಿತು, ಕೈಗೆ ಹಣವೂ ಬಂತು. ಫೋಟೊ ತೆಗೆದೂ ಬದುಕಬಹುದು ಎಂಬ ಧೈರ್ಯ ಬಂದಿದ್ದು ಆಗ. ಆದರೆ ಬರೀ ಹಕ್ಕಿಗಳ ಚಿತ್ರ ತೆಗೆದು ಹೊಟ್ಟೆ ತುಂಬಿಸಿಕೊಂಡವರು ಆ ಕಾಲಕ್ಕೆ ಇರಲಿಲ್ಲ ಎಂದೇ ಹೇಳಬೇಕು. ಮೊದಮೊದಲು ಹಾಸ್ಕಿಂಗ್ ಕೂಡ ಮದುವೆ ಮನೆ, ಮಕ್ಕಳ ಫೋಟೊಗಳಿಗೆ ಹೋಗುತ್ತಿದ್ದರು.

ಅಂದಿನ ಉಪಕರಣಗಳನ್ನು ನೆನೆದರೆ ಹೈಡ್ ಏಕೆ ಬೇಕಿತ್ತು ಎಂಬುದು ತಿಳಿಯುತ್ತದೆ. ಇಂದಿನಂತೆ 600 ಎಂಎಂ ಲೆನ್ಸ್ ಹಾಕಿ ದೂರದಲ್ಲಿ ನಿಂತು ಕ್ಲಿಕ್ಕಿಸುವ ಹಾಗಿರಲಿಲ್ಲ. ಮರದ ಚೌಕಟ್ಟಿನ ದೊಡ್ಡ ಕ್ಯಾಮೆರಾ, ಅದಕ್ಕೆ ಗಾಜಿನ ಪ್ಲೇಟು. ಒಂದು ಚಿತ್ರಕ್ಕೆ ಒಂದು ಪ್ಲೇಟು, ತೆಗೆದ ಮೇಲೆ ಬದಲಿಸಬೇಕು. ಹಕ್ಕಿ ಚಿತ್ರದಲ್ಲಿ ಕಾಣುವಷ್ಟು ದೊಡ್ಡದಾಗಿ ಬರಬೇಕಾದರೆ ಕ್ಯಾಮೆರಾ ಕೆಲವೇ ಅಡಿ ದೂರದಲ್ಲಿರಬೇಕು. ಅಷ್ಟು ಹತ್ತಿರ ಮನುಷ್ಯನನ್ನು ಯಾವ ಹಕ್ಕಿ ಸಹಿಸುತ್ತದೆ?

ಎತ್ತಿನ ಹೊಟ್ಟೆಯಿಂದ ಬಟ್ಟೆಯ ಗೂಡಿಗೆ

ಹಾಸ್ಕಿಂಗ್‌ಗಿಂತ ಒಂದು ತಲೆಮಾರು ಹಿಂದೆ ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಸಹೋದರರು ಇದಕ್ಕೆ ವಿಚಿತ್ರ ಉಪಾಯಗಳನ್ನು ಮಾಡಿದ್ದರು. ಎತ್ತಿನ ಚರ್ಮವನ್ನು ಚೌಕಟ್ಟಿಗೆ ಹೊದಿಸಿ ಅದರ ಟೊಳ್ಳು ಹೊಟ್ಟೆಯೊಳಗೆ ನಿಂತು ಫೋಟೊ ತೆಗೆದವರು ಅವರು. ಕೃತಕ ಕುರಿ, ಕೃತಕ ಮರದ ಕಾಂಡವನ್ನೂ ಮಾಡಿಸಿದ್ದರು. ನೋಡಲು ತಮಾಷೆ, ಒಳಗೆ ನಿಂತವರಿಗೆ ಮಾತ್ರ ನರಕಯಾತನೆ.

ನಂತರದವರು ಒಂದು ಸರಳ ಸತ್ಯ ಕಂಡುಕೊಂಡರು. ಮರೆ ಎತ್ತಿನಂತೆಯೋ ಬಂಡೆಯಂತೆಯೋ ಕಾಣಬೇಕಿಲ್ಲ. ಅದು ಅಲುಗಾಡದಿದ್ದರೆ ಸಾಕು. ನಾಲ್ಕು ಗಳು, ಮೇಲೆ ಮಂಕು ಬಣ್ಣದ ದಪ್ಪ ಬಟ್ಟೆ, ನಾಲ್ಕೂ ಕಡೆ ಬಿಗಿದ ಹಗ್ಗ, ಲೆನ್ಸಿಗೆ ಒಂದು ಕಿಂಡಿ, ಕೂರಲು ಒಂದು ಸ್ಟೂಲು. ಗಾಳಿಗೆ ಬಟ್ಟೆ ಪಟಪಟ ಎಂದರೆ ಹಕ್ಕಿ ಹತ್ತಿರ ಸುಳಿಯುವುದಿಲ್ಲ. ಬಟ್ಟೆ ತೆಳುವಾಗಿದ್ದರೆ ಬೆನ್ನ ಹಿಂದಿನ ಬಿಸಿಲಿಗೆ ಒಳಗಿರುವವನ ನೆರಳು ಮೂಡುತ್ತದೆ. ಆಗ ಹೈಡ್ ಕಟ್ಟಿಯೂ ಕಟ್ಟದ ಹಾಗೆ.

ಕಟ್ಟುವುದಕ್ಕಿಂತ ಕಷ್ಟವಾದದ್ದು ಕಾಯುವುದು. ಗೂಡಿನ ಪಕ್ಕ ದಿಢೀರನೆ ಹೈಡ್ ಎದ್ದರೆ ತಾಯಿಹಕ್ಕಿ ಮೊಟ್ಟೆ ಬಿಟ್ಟು ಹೋಗಬಹುದು. ಅದಕ್ಕಾಗಿ ಮೊದಲು ದೂರದಲ್ಲಿ ನಿಲ್ಲಿಸಬೇಕು. ಹಕ್ಕಿ ಅದನ್ನು ಒಪ್ಪಿಕೊಂಡು ಗೂಡಿಗೆ ಮರಳಿತೇ ಎಂದು ನೋಡಬೇಕು, ಮರುದಿನ ಇನ್ನಷ್ಟು ಹತ್ತಿರ ಸರಿಸಬೇಕು. ಹೀಗೆ ದಿನಗಟ್ಟಲೆ. ಮರದ ಮೇಲಿನ ಗೂಡಾದರೆ ಅಟ್ಟಣಿಗೆಯೇ ಬೇಕು, ಅದನ್ನೂ ಪ್ರತಿದಿನ ಸ್ವಲ್ಪ ಸ್ವಲ್ಪವೇ ಎತ್ತರಿಸುತ್ತಾ ಹೋಗಬೇಕು. ಅಡ್ಡ ಬರುವ ರೆಂಬೆಯನ್ನು ಕಡಿಯುವಂತಿಲ್ಲ, ಪಕ್ಕಕ್ಕೆ ಕಟ್ಟಿ ಕೆಲಸ ಮುಗಿದ ಮೇಲೆ ಬಿಚ್ಚಬೇಕು. ಇಲ್ಲದಿದ್ದರೆ ಮರಿಗಳ ಮೇಲೆ ಬಿಸಿಲು ಬೀಳುತ್ತದೆ, ಕಾಗೆಗಳಿಗೆ ಗೂಡಿನ ವಿಳಾಸ ಸಿಗುತ್ತದೆ.

ಹೈಡ್ ಒಳಗೆ ಹೋಗುವುದಕ್ಕೂ ಒಂದು ಜಾಣತನವಿದೆ. ಒಬ್ಬರೇ ಹೋಗಿ ಕೂತರೆ ಹಕ್ಕಿಗೆ ಗೊತ್ತಾಗಿಬಿಡುತ್ತದೆ. ಇಬ್ಬರು ಹೋಗಿ ಒಬ್ಬರು ಎದ್ದು ಕಾಣುವಂತೆ ವಾಪಸು ನಡೆದರೆ, ಬಂದವರು ಹೋದರು ಎಂದು ಹಕ್ಕಿ ನಂಬುತ್ತದೆ. ಲೆಕ್ಕದಲ್ಲಿ ಹಕ್ಕಿ ಅಷ್ಟು ಗಟ್ಟಿಯಲ್ಲ ಎಂಬ ನಂಬಿಕೆಯ ಮೇಲೆ ನಿಂತ ಉಪಾಯವಿದು. ಕಾಗೆಯ ಜಾತಿಯವುಗಳಿಗೆ ಮಾತ್ರ ಇಬ್ಬರು ಸಾಲುವುದಿಲ್ಲ.

ಆ ರಾತ್ರಿಯ ನಂತರ

ಡೋಲ್ಡೌಲಾಡ್‌ನ ಗೂಡು ಟಾನಿ ಗೂಬೆಯದ್ದು. ಯುರೋಪಿನ ಕಾಡುಗಳಲ್ಲಿ ಸಾಮಾನ್ಯವಾಗಿ ಕಾಣುವ ಕಂದುಬಣ್ಣದ ಗೂಬೆ ಅದು. ಮರಿಗಳಿದ್ದಾಗ ಮಾತ್ರ ಬಹಳ ಉಗ್ರ. ಗೂಬೆಯ ರೆಕ್ಕೆಯ ಗರಿಗಳ ಅಂಚು ಬಾಚಣಿಗೆಯಂತಿದ್ದು ಗಾಳಿಯನ್ನು ಸೀಳುವ ಸದ್ದನ್ನು ಅಡಗಿಸುತ್ತದೆ. ಹಾಗಾಗಿ ಕತ್ತಲಲ್ಲಿ ಎರಗಿದ ಹಕ್ಕಿಯ ಸುಳಿವೇ ಹಾಸ್ಕಿಂಗ್‌ಗೆ ಸಿಗಲಿಲ್ಲ.

ಗಾಯಕ್ಕೆ ಸೋಂಕು ತಗುಲಿತು. ಪೆನ್ಸಿಲಿನ್ ಇನ್ನೂ ಬಳಕೆಗೆ ಬಂದಿರದ ಕಾಲ. ಒಂದು ಕಣ್ಣಿಗೆ ಆಳವಾದ ಗಾಯವಾದಾಗ ಚೆನ್ನಾಗಿರುವ ಇನ್ನೊಂದು ಕಣ್ಣೂ ಕುರುಡಾಗುವ ಅಪಾಯವಿರುತ್ತದೆ. ವೈದ್ಯರ ಮುಂದಿದ್ದ ದಾರಿ ಎರಡೇ. ಎಡಗಣ್ಣನ್ನು ಉಳಿಸಲು ನೋಡಿ ಎರಡನ್ನೂ ಕಳೆದುಕೊಳ್ಳುವ ಅಪಾಯಕ್ಕೆ ಸಿದ್ಧರಾಗುವುದು, ಇಲ್ಲವೇ ಎಡಗಣ್ಣನ್ನು ತೆಗೆದುಬಿಡುವುದು. ಕಣ್ಣನ್ನೇ ನಂಬಿ ಬದುಕುವ ಮನುಷ್ಯ ಎರಡನೆಯದನ್ನು ಆರಿಸಿಕೊಂಡರು.

ಪತ್ರಿಕೆಗಳಿಗೆ ಇದು ದೊಡ್ಡ ಸುದ್ದಿ. ಹಕ್ಕಿಗಳ ಚಿತ್ರಕ್ಕೆ ಸಿಗದಿದ್ದ ಜಾಗ ಕಳೆದುಹೋದ ಕಣ್ಣಿಗೆ ಸಿಕ್ಕಿತು. ಹಾಸ್ಕಿಂಗ್ ಹೆಸರು ಮನೆಮಾತಾಯಿತು. ಗೂಬೆಯ ಮೇಲೆ ಅವರು ಹಗೆ ಸಾಧಿಸಲಿಲ್ಲ. ಮರಿಗಳ ರಕ್ಷಣೆಗೆ ನಿಂತ ತಾಯಿ ಮಾಡಿದ್ದು ತಪ್ಪೆಂದು ಅವರಿಗೆ ಅನ್ನಿಸಲೇ ಇಲ್ಲ. ಮತ್ತೆ ಗೂಬೆಗಳ ಬಳಿಗೇ ಹೋದರು, ಈ ಬಾರಿ ಮುಖಕ್ಕೆ ಕತ್ತಿವರಸೆಯವರು ಹಾಕುವ ಜಾಲರಿ ಮುಖವಾಡ ಕಟ್ಟಿಕೊಂಡು. ಬ್ರಿಟನ್‌ನ ನಿಶಾಚರ ಹಕ್ಕಿಗಳ ಬಗ್ಗೆ ಸಿರಿಲ್ ನ್ಯೂಬೆರಿ ಜೊತೆ ಸೇರಿ ಅವರು ತಂದ 'ಬರ್ಡ್ಸ್ ಆಫ್ ದ ನೈಟ್' ಪುಸ್ತಕ 1945ರಲ್ಲಿ ಹೊರಬಂತು.

ಮಹಾಯುದ್ಧ ಮುಗಿದ ಮೇಲೆ ಎಲೆಕ್ಟ್ರಾನಿಕ್ ಫ್ಲ್ಯಾಶ್ ಕೈಗೆ ಸಿಕ್ಕಿತು. ಹಕ್ಕಿಗಳಿಗೆ ಇದನ್ನು ಬಳಸಿದ ಮೊದಲಿಗರ ಸಾಲಿನಲ್ಲಿ ಹಾಸ್ಕಿಂಗ್ ಇದ್ದಾರೆ. ಸೆಕೆಂಡನ್ನು ಸಾವಿರಾರು ಚೂರು ಮಾಡಿದರೆ ಸಿಗುವ ಒಂದು ಚೂರಿನಷ್ಟು ಹೊತ್ತು ಬೆಳಕು ಮಿಂಚುತ್ತಿತ್ತು. ಬಡಿಯುವ ರೆಕ್ಕೆಯೂ ಪ್ಲೇಟಿನ ಮೇಲೆ ನಿಶ್ಚಲವಾಗುತ್ತಿತ್ತು. 1948ರಲ್ಲಿ ಕೊಕ್ಕಿನಲ್ಲಿ ಇಲಿ ಕಚ್ಚಿಕೊಂಡು, ರೆಕ್ಕೆ ಎತ್ತಿ ಗೂಡಿಗೆ ಬರುತ್ತಿದ್ದ ಕಣಜ ಗೂಬೆಯೊಂದು ಹಾಗೆ ಸೆರೆಯಾಯಿತು. ರಾಜಲಾಂಛನದ ಹಕ್ಕಿಯಂತೆ ಕಾಣುವ ಆ ಕಪ್ಪುಬಿಳುಪು ಚಿತ್ರವೇ ಅವರ ಅತ್ಯಂತ ಪ್ರಸಿದ್ಧ ಚಿತ್ರ. ಗೂಬೆ ಕಣ್ಣು ಕಿತ್ತ ಮನುಷ್ಯನನ್ನು ಜಗತ್ತು ನೆನಪಿಟ್ಟುಕೊಂಡಿದ್ದು ಗೂಬೆಯ ಚಿತ್ರದಿಂದಲೇ.

ಸ್ಪೇನ್‌ನಿಂದ ಪಾಕಿಸ್ತಾನದವರೆಗೆ

1950ರ ದಶಕದಲ್ಲಿ ಗೈ ಮೌಂಟ್‌ಫೋರ್ಟ್ ಮುಂದಾಳತ್ವದ ತಂಡದೊಂದಿಗೆ ದಕ್ಷಿಣ ಸ್ಪೇನ್‌ನ ಕೋಟೊ ದೊನ್ಯಾನಾ ಜೌಗುಪ್ರದೇಶಕ್ಕೆ ಹೋದರು. ಬಳಿಕ ಬಲ್ಗೇರಿಯಾ, ಹಂಗೇರಿ, ಜೋರ್ಡಾನ್, 1966ರಲ್ಲಿ ಪಾಕಿಸ್ತಾನ. ತಂಡದ ಛಾಯಾಗ್ರಹಣದ ಹೊಣೆ ಹಾಸ್ಕಿಂಗ್ ಅವರದ್ದು. ಮೌಂಟ್‌ಫೋರ್ಟ್ 1961ರಲ್ಲಿ ವಿಶ್ವ ವನ್ಯಜೀವಿ ನಿಧಿ ಕಟ್ಟಿದವರಲ್ಲಿ ಒಬ್ಬರಾದರು, ದೊನ್ಯಾನಾ 1969ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ಹಕ್ಕಿಲೋಕವನ್ನು ಹೊರಗಿನವರಿಗೆ ತೋರಿಸಿದ್ದರಲ್ಲಿ ಬಿಸಿಲಿಗೆ ಕಾದ ಹೈಡ್‌ಗಳಲ್ಲಿ ಕೂತು ತೆಗೆದ ಚಿತ್ರಗಳ ಪಾಲೂ ಇದೆ.

ಇಂದಿನ ಕಣ್ಣಲ್ಲಿ ನೋಡಿದರೆ ಅವರ ಕೆಲಸದ ಒಂದು ಭಾಗ ಇರುಸುಮುರುಸು ತರುತ್ತದೆ. ಅವರ ಪೀಳಿಗೆಯ ಬಹುಪಾಲು ಚಿತ್ರಗಳು ಗೂಡಿನ ಬಳಿ ತೆಗೆದವು. ಹಕ್ಕಿ ಖಚಿತವಾಗಿ ಮರಳುವ ಜಾಗ ಅದೊಂದೇ, ಅಂದಿನ ಲೆನ್ಸ್‌ಗಳಿಗೆ ಬೇರೆ ದಾರಿಯೂ ಇರಲಿಲ್ಲ. ಈಗ ಬ್ರಿಟನ್‌ನಲ್ಲಿ ಅಪರೂಪದ ಹಕ್ಕಿಗಳಿಗೆ ಗೂಡಿನ ಬಳಿ ತೊಂದರೆಯಾಗಬಹುದಾದ ಕೆಲಸಕ್ಕೆ ಪರವಾನಗಿ ಬೇಕು. ಭಾರತದಲ್ಲೂ ಹಲವು ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದಿಲ್ಲ. ದಾಂಡೇಲಿ ಸಮೀಪದ ಗಣೇಶಗುಡಿಯಂಥ ಕಡೆಗಳಲ್ಲಿ ಈಗ ಜನ ಮರೆಯ ಹಿಂದೆ ಕೂತು ಕಾಯುವುದು ನೀರಿಗೆ ಬರುವ ಹಕ್ಕಿಗಳಿಗಾಗಿ.

1970ರಲ್ಲಿ ಹಾಸ್ಕಿಂಗ್ ಆತ್ಮಕಥೆ ಪ್ರಕಟವಾಯಿತು. ಹೆಸರು 'ಆ್ಯನ್ ಐ ಫಾರ್ ಎ ಬರ್ಡ್', ಹಕ್ಕಿಗಾಗಿ ಒಂದು ಕಣ್ಣು. ಹಕ್ಕಿಯನ್ನು ಗುರುತಿಸುವ ಕಣ್ಣು ಎಂದೂ ಓದಬಹುದು, ಹಕ್ಕಿಗೆ ತೆತ್ತ ಕಣ್ಣು ಎಂದೂ ಓದಬಹುದು. 1977ರಲ್ಲಿ ಬ್ರಿಟನ್ ಸರ್ಕಾರದ ಒಬಿಇ ಗೌರವ ಸಂದಿತು. ಮುಪ್ಪಿನಲ್ಲೂ ಕ್ಯಾಮೆರಾ ಹಿಡಿದು ದೇಶ ಸುತ್ತಿದರು. 1991ರ ಫೆಬ್ರವರಿ 22ರಂದು ತೀರಿಕೊಂಡಾಗ ಅವರಿಗೆ 81 ವರ್ಷ.